ಮುದ್ದಪ್ಪನ ಹೊಲದ ಮುಳ್ಳುರಾಶಿ

ಯಾರದೋ ಬೋರಿನ ನೀರು ಕುಡಿದು, ಅದೇ ನೀರಿನಲ್ಲಿ ಬೆಳೆದ ಅನ್ನ ಉಂಡು, ಆ ಮನುಷ್ಯನ ಮೇಲೆ ಅಪವಾದ ಬಂದ ದಿನ ನೀವು ಬಾಯಿ ಹೊಲಿದುಕೊಂಡು ಕುಳಿತಿರಲಿಲ್ಲವೆ, ಓದುಗರೇ? ಕರಿಗುಂಡ್ಲಹಳ್ಳಿಯ ಪಂಪಿನ ಮನೆಯ ಮುಂದೆ ಅಂದು ಮಧ್ಯಾಹ್ನ ನೆರೆದಿದ್ದವರೂ ಹಾಗೆಯೇ ಕುಳಿತಿದ್ದರು.

ಯೋಗೀಶನ ಕೈಯಲ್ಲಿ ಬೀಗವಿತ್ತು.

"ಸಂಜಿ ನೀರು ಬಿಡೋದ್ರಾಗ ಸುಂಕಪ್ಪನ ವಾಲ್ವಿಗೆ ಇದು ಬೀಳತೈತಿ. ಆಮ್ಯಾಲ ಅವನು ಯಾರೋ, ನಾವು ಯಾರೋ. ಪೊಲೀಸ್ರು ನೋಡ್ಕೊಳ್ಳಲಿ."

ಯೋಗೀಶ ಊರಿನ ನೀರು ಹಂಚಿಕೆ ಸಂಘದ ಕಾರ್ಯದರ್ಶಿ. ಮಾತಿನಲ್ಲಿ ಚುರುಕು, ತೀರ್ಮಾನದಲ್ಲಿ ಇನ್ನೂ ಚುರುಕು. ಅವನೆದುರು ಕಲ್ಲಿನ ಮೇಲೆ, ಟವೆಲನ್ನು ಮೊಣಕಾಲಿನ ಮೇಲೆ ಹಾಸಿಕೊಂಡು ಸುಂಕಪ್ಪ ಕುಳಿತಿದ್ದ.

ನಡೆದದ್ದು ಇಷ್ಟು: ಊರ ಬೋರಿನ ನೀರು ನೀಲಿಗಟ್ಟಿ, ಬ್ಲೀಚಿಂಗ್ ಪುಡಿಯಂಥ ವಾಸನೆ ಹೊಡೆದು, ಅದನ್ನು ಕುಡಿದ ಹಂಪಕ್ಕನ ಎರಡು ಕುರಿಗಳು ಸತ್ತಿದ್ದವು. ಆ ಬೋರಿಗೆ ತೀರ ಹತ್ತಿರದ ಹೊಲ ಸುಂಕಪ್ಪನದು. ಅವನ ಕೊಟ್ಟಿಗೆಯಲ್ಲಿ ಬಣ್ಣದ ಕಂಪನಿಯ ಖಾಲಿ ಡ್ರಮ್ಮೊಂದು ಸಿಕ್ಕಿತ್ತು. ಹತ್ತಿರದ ಹೊಲ, ಖಾಲಿ ಡ್ರಮ್ಮು: ಒಬ್ಬ ಮನುಷ್ಯನ ಮಾನ ತೆಗೆಯಲು ಊರಿಗೆ ಅಷ್ಟೇ ಸಾಕಾಗಿತ್ತು.

"ಡ್ರಮ್ಮು ನಮ್ಮನ್ಯಾಗೂ ಐತಿ," ಎಂದಳು ಹಂಪಕ್ಕ, ಗುಂಪಿನ ಹಿಂದಿನಿಂದ. "ರಾಯದುರ್ಗದ ಸಂತ್ಯಾಗ ತಂದೀನಿ, ಅದ್ರಾಗ ಶೇಂಗಾ ತುಂಬೀನಿ. ನನ್ನೂ ಹಿಡೀರಿ. ಜೈಲಿನಾಗ ರೊಟ್ಟಿ ಬಡಿಯೋ ಕೆಲಸರ ತಪ್ಪತೈತಿ."

ಎರಡು ಮೂರು ಜನ ನಕ್ಕರು. ಯೋಗೀಶ ನಗಲಿಲ್ಲ.

"ಅತ್ತಿ, ಸತ್ತಿದ್ದು ನಿಮ್ಮ ಕುರಿ. ನಿಮ್ಮ ಪರವಾಗೇ ನಾನು ಹೊಡೆದಾಡಾಕತ್ತೀನಿ."

"ಕುರಿ ನಂದು, ದುಃಖ ನಂದು. ಹೊಡೆದಾಟ ಯಾಕ ನಿಂದು?"

ಕುರಿ ಕಳೆದುಕೊಂಡವಳೇ ಆರೋಪಿಯ ಪರ ನಿಂತದ್ದು ಯೋಗೀಶನಿಗೆ ಅರ್ಥವಾಗಿರಲಿಲ್ಲ. ಭುವನೇಶ್ವರಿಗೆ ಮಾತ್ರ ಅರ್ಥವಾಗಿತ್ತು. ಆಕೆಯನ್ನು ಮಡಕಶಿರಾದಿಂದ ಕರೆಸಿದವಳೇ ಹಂಪಕ್ಕ.

ಭುವನೇಶ್ವರಿ ಭೂಗರ್ಭಶಾಸ್ತ್ರ ಓದಿದವಳು. ಕೆಲವು ವರ್ಷ ಬೋರಿಗೆ ಜಾಗ ಗುರುತಿಸಿಕೊಟ್ಟು, ಆ ವೃತ್ತಿಯಲ್ಲಿ ನಡೆಯುವ ಸುಳ್ಳುಗಳಿಗೆ ಹೇಸಿ, ಈಗ ನೀರಿನ ತಕರಾರುಗಳ ಜಾಡು ಹಿಡಿಯುವ ಪತ್ತೇದಾರಿಣಿಯಾಗಿದ್ದಳು. ಬಂದ ದಿನವೇ ಹಂಪಕ್ಕ ಅವಳಿಗೆ ಹೇಳಿದ್ದಳು: "ನನ್ನ ಗಂಡ ತೀರಿದ ವರ್ಷ ನನ್ನ ಹೊಲ ಒಣಗಾಕತ್ತಿತ್ತು. ನಾನು ಕೇಳಿರಲಿಲ್ರಿ. ಮುಂಜಾನೆ ಎದ್ದು ನೋಡಿದ್ರ ಸುಂಕಪ್ಪನ ಪೈಪು ನನ್ನ ಸಾಲಿನಾಗ ಹರಿಯಾಕತ್ತಿತ್ತು. ಆ ನೀರು ಇನ್ನೂ ನನ್ನ ಮೈಯಾಗ ಐತ್ರಿ."

ಈ ಊರಿನ ಹಂಚಿಕೆ ಶುರುವಾದದ್ದು ಆ ಪೈಪಿನಿಂದಲೇ. ಬೋರು ಇದ್ದವರು ಇಲ್ಲದವರಿಗೆ ನೀರು ಬಿಡಬೇಕು, ಯಾರೂ ಹೊಸ ಬೋರು ಕೊರೆಯಬಾರದು ಎಂಬ ಕಟ್ಟು ಆಮೇಲೆ ಬಂತು. ಯಾರು ಮೊದಲು ಕೈ ಎತ್ತಿ ಕೊಟ್ಟನೋ ಅವನ ವಾಲ್ವಿಗೇ ಈಗ ಮೊದಲ ಬೀಗ! ಇಂಥ ನ್ಯಾಯವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

"ಯೋಗೀಶಪ್ಪ," ಎಂದಳು ಭುವನೇಶ್ವರಿ, "ಬೀಗ ಹಾಕೋದು ಸಂಜೆ ತಾನೆ? ಅಲ್ಲಿಗಂಟ ಹೊತ್ತು ನಂದು. ಬೆಳಿಗ್ಗೆಯಿಂದ ಊರ ಬೋರಿನ ಮೋಟರು ಓಡ್ತಾ ಐತಲ್ವಾ?"

"ನೀವ ಹೇಳಿದ್ರಿ, ಹಾಕೀವಿ."

"ಹಂಗಾದ್ರೆ ಎಲ್ಲಾ ಬನ್ನಿ. ಕಿವಿ ಮಾತ್ರ ತನ್ನಿ, ಬಾಯಿ ಇಲ್ಲೇ ಬಿಡಿ."

ಸುಂಕಪ್ಪನ ಬೋರಿನ ಬಾಯಿಯಲ್ಲಿ ಆಕೆ ಒಂದು ಉದ್ದನೆಯ ಟೇಪನ್ನು ಇಳಿಬಿಟ್ಟಳು. ಟೇಪಿನ ತುದಿಗೆ ಬೋರಲು ಹಾಕಿ ಕಟ್ಟಿದ ಪುಟ್ಟ ಡಬ್ಬಿ. ಅದು ನೀರಿಗೆ ತಾಗಿದ ಕ್ಷಣ ಕೆಳಗಿನಿಂದ 'ಟಪ್' ಎಂಬ ಸದ್ದು ಬರುತ್ತದೆ. ಆ ಸದ್ದು ಬಂದಾಗ ಟೇಪಿನ ಮೇಲೆ ಆಕೆ ಬೆರಳಿಟ್ಟಳು. ಮುಂಜಾನೆ, ಮೋಟರು ಹಾಕುವ ಮೊದಲು, ಇದೇ ಜನರೆದುರು ನೀರಿನ ಮಟ್ಟದ ಗುರುತಿಗೆಂದು ಅವಳು ಟೇಪಿಗೆ ಕಟ್ಟಿದ್ದ ಕೆಂಪು ದಾರ ಸರಿಯಾಗಿ ಬೆರಳಿನ ಕೆಳಗಿತ್ತು.

"ಯಾರಾದ್ರೂ ನೋಡ್ರಪ್ಪ. ನೀರು ಇಳಿದೈತಾ?"

ಯೋಗೀಶನೇ ಬಗ್ಗಿ ನೋಡಿದ. "ಇಲ್ಲ. ಕೂದಲೆಳಿಯಷ್ಟೂ ಇಲ್ಲ."

"ಊರ ಬೋರು ಇಷ್ಟೊತ್ತು ನೀರು ಎಳೆದೈತೆ. ಅದಕ್ಕೂ ಇದಕ್ಕೂ ಕೆಳಗೆ ದಾರಿ ಇದ್ದಿದ್ರೆ ಇಲ್ಲಿ ನೀರು ಇಳೀಬೇಕಿತ್ತು. ಇಳಿದಿಲ್ಲ ಅಂದ್ಮೇಲೆ ದಾರಿ ಇಲ್ಲ. ದಾರಿ ಇಲ್ಲದ ಮೇಲೆ ಇಲ್ಲಿಂದ ವಿಷ ಅಲ್ಲಿಗೆ ಹೆಂಗೆ ಹೋಯ್ತು?"

"ಬೋರಿನಾಗ ಯಾಕ ಸುರುವ್ತಾನ್ರಿ? ಹೊಲದಾಗ ಗುಂಡಿ ತೋಡಿ ಸುರುವ್ಯಾನ. ಇಳಕಲಿಗೆ ಹರಿದು ಅತ್ತಾಗ ಹೋಗೈತಿ. ತನ್ನ ಬೋರಿನ ನೀರು ನೋಡ್ರಿ, ಇವತ್ತಿಗೂ ತಿಳಿ! ಇನ್ನೇನು ಸಾಕ್ಷಿ ಬೇಕು?" ಎಂದ ಯೋಗೀಶ.

ಭುವನೇಶ್ವರಿ ಎರಡೂ ಬೋರುಗಳ ನಡುವೆ ಸಾಲಾಗಿ ನಿಂತ ಕರಿಗುಂಡುಗಳತ್ತ ಕೈ ತೋರಿದಳು. ಊರಿಗೆ ಹೆಸರು ಕೊಟ್ಟ ಕಲ್ಲುಗಳು ಅವು. ನೋಡಿದವರಿಗೆ ದೈತ್ಯನೊಬ್ಬ ಗೆರೆ ಎಳೆದು ಕಲ್ಲು ಜೋಡಿಸಿದಂತೆ ಕಾಣುತ್ತಿತ್ತು.

"ಅದೇ ಸಾಕ್ಷಿ, ಆದ್ರೆ ನಿನ್ನ ಕಡೆ ಅಲ್ಲ. ನೋಡ್ರಪ್ಪ, ಭೂಮಿ ಕೆಳಗೆ ಕೆರೆ ಇಲ್ಲ, ಹೊಳೆನೂ ಇಲ್ಲ. ಮೇಲಿನ ಗರಸು ಮಣ್ಣು ಐತಲ್ಲ, ಅದು ನಿಮ್ಮ ಒಗ್ಗರಣೆ ಮಂಡಕ್ಕಿ ಇದ್ದಂಗೆ. ಮಳೆ ಬಿದ್ರೆ ಹೀರ್ಕಂಡು ಇಟ್ಕಂತದೆ. ಅದರ ಕೆಳಗೆ ಬಂಡೆ. ಬಂಡೆ ಗಟ್ಟಿ, ಆದ್ರೆ ಬಿರುಕು ಬಿಟ್ಟ ತಟ್ಟೆ. ಮಂಡಕ್ಕಿಯಿಂದ ಸೋರಿದ್ದು ಬಿರುಕಿಗೆ ಇಳೀತದೆ. ಮೋಟರು ಎಳೆದ್ರೆ ಬಿರುಕು ಇದ್ದ ದಾರೀಲಿ ಬರ್ತದೆ. ಈ ಕರಿಕಲ್ಲು ಐತಲ್ಲ, ಇದು ಮೇಲೆ ಕಾಣೋ ಅಷ್ಟೇ ಅಲ್ಲ. ಆಳದ ತನಕ ಇಳಿದಿರೋ ಗೋಡೆ. ಸುಂಕಪ್ಪಣ್ಣನ ನೀರು ಆ ಕಡೆ, ಊರ ನೀರು ಈ ಕಡೆ. ಪಕ್ಕದ ಮನೆ ಹೌದು, ಬಾಗಿಲು ಇಲ್ಲ."

"ಮಡಕಶಿರಾದಾಕಿ ಮಂಡಕ್ಕಿನೂ ಬಿಡಲಿಲ್ಲ ನೋಡ್ರಿ," ಎಂದು ಹಂಪಕ್ಕ ಕಣ್ಣೊರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟವಿತ್ತು.

ಸುಂಕಪ್ಪ ಮುಂದೆ ಬಂದು, ಆ ಕರಿಗುಂಡಿನ ಮೇಲೆ ಅಂಗೈ ಇಟ್ಟ. ಮಾತಿನಲ್ಲಿ ತನ್ನ ಪರ ನಿಲ್ಲದ ಊರಿಗಿಂತ ಈ ಮೂಕ ಕಲ್ಲು ಮೇಲೆಂದು ಅವನಿಗೆ ಅನ್ನಿಸಿರಬೇಕು. ಆದರೆ ಅವನ ಮುಖದಲ್ಲಿ ಕಹಿ ಇರಲಿಲ್ಲ. ಭುವನೇಶ್ವರಿಯ ಕಡೆ ತಿರುಗಿ ಕೈ ಮುಗಿದ. ಆಕೆಗೆ ಸಂಕೋಚವಾಯಿತು. ಮೂರು ಹೊತ್ತೂ ತಿಳಿನೀರು, ಮಜ್ಜಿಗೆ, ರೊಟ್ಟಿ ಕೊಟ್ಟು ಸಾಕಿದವರು ಈ ಜನ. ಕೈ ಮುಗಿಯಬೇಕಾದವಳು ತಾನು.

"ಆತು," ಎಂದ ಯೋಗೀಶ, ಬೀಗವನ್ನು ಜೇಬಿಗಿಳಿಸದೆ. "ಇವನಲ್ಲ ಅಂದ್ರ ಮತ್ತ ಯಾರು? ಊರ ಬೋರಿನ ಬಾಯಿ ಮೋಟರು ಇಳಿಸಿ ಬಿಗಿ ಮಾಡೀವಿ. ಬ್ಯಾರೆ ಬೋರು ಎಲ್ಲಾ ನೀವ ನೋಡೀರಿ. ವಿಷ ಏನು ಆಕಾಶದಿಂದ ಇಳೀತೇನು?"

ಸರಿಯಾದ ಪ್ರಶ್ನೆಯೇ. ಸಂಜೆಯೊಳಗೆ ಉತ್ತರ ಸಿಗದಿದ್ದರೆ ಗೋಡೆಯ ಮಾತನ್ನು ಇವರು ಮರೆಯುತ್ತಾರೆ, ಬೀಗವನ್ನು ಮರೆಯುವುದಿಲ್ಲ ಎಂದು ಭುವನೇಶ್ವರಿಗೆ ಗೊತ್ತಿತ್ತು. ಎಲ್ಲೋ ಇನ್ನೊಂದು ಬಾಯಿ ಇರಲೇಬೇಕು. ಮನೆಮನೆಗೆ ಹೋಗಿ ಕೇಳಿದ್ದಳು. ಒಬ್ಬೊಬ್ಬರೂ ತಮ್ಮ ಬೋರನ್ನು ತೋರಿಸಿದ್ದರು. ಎಲ್ಲವೂ ಚೊಕ್ಕ.

ಹಂಪಕ್ಕನ ಜೊತೆ ಬದುವಿನ ಮೇಲೆ ಹಿಂದಿರುಗುವಾಗ ಆಕೆಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಊರ ಹಿರಿಯ ಮುದ್ದಪ್ಪನ ಹೊಲದ ಮೂಲೆಯಲ್ಲಿ ಜಾಲಿಮುಳ್ಳಿನ ರಾಶಿ. ಹಂಪಕ್ಕ ಅದರ ಹತ್ತಿರ ಬರುತ್ತಲೇ ಮಾತು ನಿಲ್ಲಿಸಿ, ಸೆರಗು ಎಳೆದುಕೊಂಡು, ನೇರ ದಾರಿ ಬಿಟ್ಟು ಸುತ್ತಿ ನಡೆದಳು.

"ಅಲ್ಲೇನೈತೆ ಹಂಪಕ್ಕ?"

"ಏನಿಲ್ರಿ."

ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರ. ನಿನ್ನೆ ಬೇರೊಂದು ಹೊಲದಲ್ಲಿ, ಬೇರೊಬ್ಬ ಹೆಂಗಸು, ಅಂಥದೇ ಮುಳ್ಳನ್ನು ಸುತ್ತಿ ನಡೆದು ಇದೇ ಮಾತನ್ನು ಇಷ್ಟೇ ಅವಸರದಲ್ಲಿ ಆಡಿದ್ದಳು.

"ಹಂಪಕ್ಕ, ನೀವು ಸುಳ್ಳು ಹೇಳೋರಲ್ಲ. ಸುಂಕಪ್ಪಣ್ಣನ ಮೇಲೆ ಆಣೆ ಇಡಲ್ಲ ನಾನು. ಕೇಳ್ತೀನಿ ಅಷ್ಟೇ."

ಹಂಪಕ್ಕ ಸುತ್ತ ನೋಡಿದಳು. ದನಿ ತಗ್ಗಿಸಿದಳು. "ಬೋರು ಗಾಡಿ ಬಂದು ಕೊರೆದು, ಬರೇ ಧೂಳು ಎದ್ರ, ಮನಿ ಹಿರ್‍ಯಾ ಬಾಯಿ ಮ್ಯಾಲ ಕಲ್ಲು ಇಟ್ಟು ಮುಳ್ಳು ಹಾಕ್ತಾನ್ರಿ. ಆವತ್ತಿನಿಂದ ಅದರ ಹೆಸರು ಎತ್ತಂಗಿಲ್ಲ. ಎತ್ತಿದ್ರ ನೀರಿದ್ದ ಬೋರು ಕೇಳಿಸ್ಕೊಂಡು ಅದೂ ಒಣಗತೈತಂತ. ಅದು ಬೋರು ಅಲ್ರಿ ಆಮ್ಯಾಲ. ಏನೂ ಅಲ್ಲ."

ಭುವನೇಶ್ವರಿ ಬದುವಿನ ಮೇಲೆಯೇ ಕುಳಿತುಬಿಟ್ಟಳು. ಮಡಕಶಿರಾದ ಕಡೆ ಒಣ ಬೋರನ್ನು ಜನ ಬಾಯಿತುಂಬ ಬೈಯುತ್ತಾರೆ, ಅದರ ಆಳವನ್ನು ಸಾರಿ ಹೇಳಿ ಕೊರೆಸಿದವನನ್ನು ಗೇಲಿ ಮಾಡುತ್ತಾರೆ. ಇಲ್ಲಿ ಮೌನ. ಊರಿನವರು ಸುಳ್ಳು ಹೇಳಿರಲಿಲ್ಲ. ಬೋರು ತೋರಿಸಿ ಎಂದು ಅವಳು ಕೇಳಿದ್ದಳು, ಅವರು ಬೋರನ್ನು ತೋರಿಸಿದ್ದರು. ನೀರು ಕೊಡದ ತೂತು ಅವರ ಲೆಕ್ಕದಲ್ಲಿ ನೆಲವೇ ಆಗಿಬಿಟ್ಟಿತ್ತು. ಆದರೆ ನೆಲ ಹಾಗೆ ತಿಳಿದಿರಲಿಲ್ಲ.

"ನಿಮಗೆ ಎಷ್ಟು ಕೈ ಮುಗಿದ್ರೂ ಸಾಲ್ದು ಕಣಕ್ಕ," ಎಂದು ಆಕೆ ಎದ್ದಳು. "ಯೋಗೀಶನ್ನ ಕರೀರಿ. ಸುಂಕಪ್ಪಣ್ಣನೂ ಬರಲಿ."

ಮುದ್ದಪ್ಪ ಶೇಂಗಾ ಬಳ್ಳಿ ಒಟ್ಟುತ್ತಿದ್ದ. ಹಣೆಯ ಮೇಲೆ ಮೂರು ಎಳೆ ವಿಭೂತಿ, ಬೆವರಿಗೂ ಕದಡದಷ್ಟು ದಟ್ಟ. ಊರು ಅವನ ಮಾತನ್ನು ಮೀರುತ್ತಿರಲಿಲ್ಲ. ಸುಂಕಪ್ಪನ ವಾಲ್ವಿಗೆ ಬೀಗ ಎಂಬ ತೀರ್ಮಾನಕ್ಕೆ ಮೊದಲು ತಲೆಯಾಡಿಸಿದವನೂ ಅವನೇ.

"ಯಜಮಾನ್ರೇ, ಆ ಮುಳ್ಳಿನ ಕೆಳಗೆ ಏನೈತೆ?"

"ಏನಿಲ್ಲವ್ವ."

"ಬೋರು ಇಲ್ವಾ?"

"ನನ್ನ ಹೊಲದಾಗ ಒಂದು ಬೋರೈತಿ. ನೀರು ಕೊಡತೈತಿ. ದಿನಾ ಅದಕ್ಕ ಕೈ ಮುಗೀತೀನಿ. ಇನ್ನೊಂದರ ಮಾತು ಬ್ಯಾಡ."

"ಇನ್ನೊಂದು ಅಂದ್ರಲ್ಲ."

ಮುದುಕನ ಕೈ ನಿಂತಿತು. "ನೀನು ಓದಿದಾಕಿ. ನಮ್ಮ ಭಯ ನಿನಗ ತಿಳಿಯಂಗಿಲ್ಲ. ನನ್ನ ಬೋರು ಒಣಗಿದ್ರ ನೀನು ಬಂದು ತುಂಬ್ತೀ ಏನು?"

ಆಕೆ ಮುದ್ದಪ್ಪನ ಭಯವನ್ನು ಹಳಿಯಲಿಲ್ಲ. ನೂರಾರು ಅಡಿ ಕಲ್ಲನ್ನು ನಂಬಿ ಬದುಕುವವನಿಗೆ ಭಯ ಸಹಜ. ಆದರೆ ಭಯಕ್ಕೆ ಇನ್ನೊಬ್ಬನನ್ನು ಬಲಿ ಕೊಡುವುದು ಸಹಜವಲ್ಲ. ಅದನ್ನು ಕ್ಷಮಿಸುವುದು ಧರ್ಮವೂ ಅಲ್ಲ.

"ಹಂಪಕ್ಕ ಹೇಳಿದ್ರು, ಒಂದು ಬೇಸಿಗೇಲಿ ಅದೂ ಒಣಗಿತ್ತಂತಲ್ಲ ಯಜಮಾನ್ರೇ? ಆವಾಗ ಯಾರು ತುಂಬಿದ್ರು?"

ಮುದ್ದಪ್ಪ ಕೈಯಲ್ಲಿದ್ದ ಬಳ್ಳಿಯನ್ನು ಕೆಳಗಿಟ್ಟ.

"ನಿಮ್ಮ ದಾಳಿಂಬೆ ಗಿಡ ಯಾರ ನೀರಲ್ಲಿ ಉಳೀತು? ಹೆಸರು ಹೇಳಿ. ಈ ಹೆಸರು ಹೇಳಿದ್ರೆ ಯಾವ ಬೋರೂ ಒಣಗಲ್ಲ."

ಮುದುಕ ಬದುವಿನ ಕಡೆ ನೋಡಿದ. ಸುಂಕಪ್ಪ ಅಲ್ಲಿ ಬಂದು ನಿಂತಿದ್ದ, ಕಣ್ಣಲ್ಲಿ ಯಾವ ತಗಾದೆಯೂ ಇಲ್ಲದೆ. ಅದನ್ನೇ ಮುದ್ದಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

"ಸುಂಕಪ್ಪ," ಎಂದ. "ಸುಂಕಪ್ಪ ಬಿಟ್ಟ ನೀರು. ನನ್ನ ಗಿಡ ಅವನವು. ಐತವ್ವ, ಅಲ್ಲಿ ಬೋರೈತಿ. ನನ್ನ ಕೈಯಾರ ಕಲ್ಲಿಟ್ಟೀನಿ."

ಅವನು ಯಾರನ್ನೂ ಕಾಯಲಿಲ್ಲ. ಬರಿಗೈಯಲ್ಲಿ ಮುಳ್ಳು ಎಳೆಯತೊಡಗಿದ. ಸುಂಕಪ್ಪ ಓಡಿ ಬಂದು, "ಬಿಡು ಮಾವಾ, ಕೈಗೆ ನಟ್ಟತಾವು," ಎಂದು ತನ್ನ ಟವೆಲನ್ನು ಅವನ ಅಂಗೈಗೆ ಸುತ್ತಿದ. ಮುದುಕ ಆ ಕೈಯನ್ನು ಹಣೆಗೊತ್ತಿಕೊಂಡ. ಬದುವಿನ ಮೇಲಿದ್ದ ಹಂಪಕ್ಕ ಮುಖ ತಿರುಗಿಸಿಕೊಂಡಳು. ಯೋಗೀಶ ಮೊದಲ ಸಲ ಬೀಗವನ್ನು ಬೆನ್ನ ಹಿಂದೆ ಹಿಡಿದ.

ಮುಳ್ಳಿನ ಕೆಳಗೆ ಚಪ್ಪಡಿ. ಅದರ ಅಂಚಿಗೆಲ್ಲ ಗೆದ್ದಲಿನ ಮಣ್ಣು ಹತ್ತಿ ಗಟ್ಟಿಯಾಗಿತ್ತು.

"ವರ್ಷಗಟ್ಟಲೆ ಈ ಕಲ್ಲು ಅಲ್ಲಾಡಿಲ್ಲ," ಎಂದಳು ಭುವನೇಶ್ವರಿ. "ಯಜಮಾನ್ರದ್ದು ಏನೂ ತಪ್ಪಿಲ್ಲ. ಮೇಲಿಂದ ಯಾರೂ ಸುರಿದಿಲ್ಲ."

"ಹಂಗಾದ್ರ ಇದೂ ಅಲ್ಲ!" ಎಂದ ಯೋಗೀಶ.

"ತಡಿಯಪ್ಪ. ಸುಮ್ಕಿರು. ಎಲ್ರೂ ಸುಮ್ಕಿರಿ."

ಆಕೆ ಮೊಣಕಾಲೂರಿ ಚಪ್ಪಡಿಗೆ ಕಿವಿ ಹಚ್ಚಿದಳು. ಆಮೇಲೆ ಒಬ್ಬೊಬ್ಬರೂ ಹಚ್ಚಿದರು.

ಧೂಳು ಮಾತ್ರ ಕೊಟ್ಟಿದ್ದ ಆ ತೂತಿನೊಳಗೆ ನೀರು ಬೀಳುತ್ತಿತ್ತು.

ನಾಲ್ಕು ಜನ ಸೇರಿ ಚಪ್ಪಡಿ ಸರಿಸಿದರು. ಬ್ಲೀಚಿಂಗಿನ ಘಾಟು ಮೂಗಿಗೆ ಹೊಡೆಯಿತು. ಬೋರಿನ ಗೋಡೆ ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪಿನ ಬಾಯಿಯಿಂದ ಮೊಳದಷ್ಟು ಕೆಳಗೆ, ಪಕ್ಕದಿಂದ ತೂತು ಕೊರೆದು, ಯಾರೋ ಇನ್ನೊಂದು ಸಣ್ಣ ಪೈಪನ್ನು ಸೇರಿಸಿದ್ದರು. ಅದರ ತುದಿಯಿಂದ ನೀಲಿ ನೀರು ಕತ್ತಲೆಗೆ ಸುರಿಯುತ್ತಿತ್ತು. ಜೀನ್ಸ್ ಬಟ್ಟೆ ಒಗೆದ ನೀರಿನ ನೀಲಿ ಅದು. ಜೀನ್ಸ್ ಒಗೆಯುವ ಘಟಕಗಳು ತುಂಬಿದ ರಾಯದುರ್ಗದ ಸೀಮೆಯಲ್ಲಿ ಆ ಬಣ್ಣವನ್ನು ಯಾರೂ ಇನ್ನೊಬ್ಬರನ್ನು ಕೇಳಿ ತಿಳಿಯಬೇಕಿಲ್ಲ. ಆ ಸಣ್ಣ ಪೈಪು ನೆಲದೊಳಗೆ ಹುಗಿದುಕೊಂಡು ಎತ್ತ ಹೋಗಿತ್ತೋ, ಮೇಲಿನಿಂದ ತಿಳಿಯುತ್ತಿರಲಿಲ್ಲ.

ಭುವನೇಶ್ವರಿ ಟೇಪು ಇಳಿಸಿದಳು. 'ಟಪ್.' ಒಂದಿಷ್ಟು ಹೊತ್ತು ಕಾದು ಮತ್ತೆ ಇಳಿಸಿದಳು. ಸದ್ದು ಇನ್ನೂ ಕೆಳಗಿನಿಂದ ಬಂತು.

"ಮೇಲಿಂದ ಸುರಿತಾ ಇದ್ರೂ ಒಳಗೆ ನೀರು ಇಳೀತಾ ಐತೆ. ಊರ ಮೋಟರು ಎಳೀತಾ ಐತೆ. ಇದೇ ದಾರಿ." ಆಕೆ ಮುದ್ದಪ್ಪನ ಕಡೆ ತಿರುಗಿದಳು. "ನೀವು ಕೊರೆಸಿದ ವರ್ಷ ಬಿರುಕು ಬರಿದಾಗಿತ್ತು. ಆಮೇಲೆ ಮಳೆ ಬಂತು, ಗರಸು ನೆನೀತು, ಬಿರುಕು ತುಂಬ್ತು. ಬೋರಿಗೆ ಜೀವ ಬಂದಿತ್ತು ಯಜಮಾನ್ರೇ. ನೀವ್ಯಾರೂ ಬಂದು ನೋಡ್ಲಿಲ್ಲ ಅಷ್ಟೇ. ನೋಡಿದೋನು ಒಬ್ಬನೇ, ಅವನು ಕಳ್ಳ."

ಯೋಗೀಶ ಆ ಸಣ್ಣ ಪೈಪಿನ ಸುತ್ತ ಮಣ್ಣು ಕೆದರಿದ. ಹಸಿರು ಬಣ್ಣದ ಪಟ್ಟೆಯೊಂದು ಕಾಣಿಸಿತು. ಪಟ್ಟೆಯ ಪಕ್ಕದಲ್ಲಿ, ಕಾದ ಕಬ್ಬಿಣದಿಂದ ಸುಟ್ಟು ಬರೆದ ಕುರಿಯ ಗುರುತು.

"ಇದು ಸಂಘದ ಪೈಪು!"

"ನಂದು," ಎಂದಳು ಹಂಪಕ್ಕ. ಅವಳ ದನಿ ಅವಳಿಗೇ ಗುರುತು ಸಿಗದಂತಿತ್ತು. "ನನ್ನ ಪಾಲಿನ ಪೈಪು. ಗುರುತು ನಾನ ಹಾಕೀನಿ. ಹೋದ ಸುಗ್ಗ್ಯಾಗ ಇದನ್ನ..."

ಅವಳು ಸುಂಕಪ್ಪನನ್ನು ನೋಡಿ ತುಟಿ ಕಚ್ಚಿದಳು.

"ನನಗ ಕೊಟ್ಟಿದ್ದಳು," ಎಂದ ಸುಂಕಪ್ಪ, ಸಮಾಧಾನವಾಗಿ. "ಅಕ್ಕ ನನಗ ಕೊಟ್ಟಿದ್ದು ಖರೇ. ನಾನು ಇನ್ನೊಬ್ಬರಿಗೆ ಕೊಟ್ಟೆ."

"ಯಾರಿಗೆ?"

"ಹೇಳಂಗಿಲ್ರಿ."

"ಸುಂಕಪ್ಪಣ್ಣ!" ಭುವನೇಶ್ವರಿ ಅವನ ಎದುರಿಗೆ ಬಂದು ನಿಂತಳು. "ಈಗಷ್ಟೇ ನಿಮ್ಮ ತಲೆ ಮೇಲಿನ ಕಲ್ಲು ಇಳಿದೈತೆ. ಮತ್ತೆ ಎತ್ತಿ ಇಟ್ಕಬೇಡಿ. ಯಾರಿಗೆ ಕೊಟ್ರಿ?"

"ನನ್ನವ್ವ ಹಾಸಿಗಿ ಹಿಡಿದಾಗ ಕಣೇಕಲ್ಲಿನಿಂದ ದಿನಾ ಗಾಡಿ ಕಟ್ಟಿ ನೀರು ತಂದು ಹಾಕಿದೋರು ಅವರು. ನನ್ನ ಬೋರು ಆಮ್ಯಾಲಿಂದು, ನನ್ನ ಪುಣ್ಯ ಆಮ್ಯಾಲಿಂದು. ಕೊಡೋದನ್ನ ನಾನು ಅವರ ಕಡಿಂದ ಕಲಿತೀನಿ. ಅವರು ಇದನ್ನ ಮಾಡ್ಯಾರಂತ ನನ್ನ ಬಾಯಾಗ ಬರಂಗಿಲ್ಲ."

ಭುವನೇಶ್ವರಿಯ ಎದೆಯಲ್ಲಿ ಸಿಟ್ಟೂ ಗೌರವವೂ ಒಟ್ಟಿಗೆ ಎದ್ದವು. ಉಪಕಾರ ನೆನೆಯದ ಊರನ್ನು ಆಕೆ ಮುಂಜಾನೆಯಿಂದ ಮನಸ್ಸಿನಲ್ಲೇ ಜರಿಯುತ್ತಿದ್ದಳು; ಉಪಕಾರವನ್ನು ಇಷ್ಟು ಗಟ್ಟಿಯಾಗಿ ನೆನೆಯುವವನ ಎದುರು ಅವಳ ಜಾಣತನ ಸೋತಿತ್ತು. ಋಣ ತೀರಿಸುವುದು ದೊಡ್ಡದು, ನಿಜ. ಆದರೆ ಒಬ್ಬನ ಋಣಕ್ಕೆ ಊರೆಲ್ಲ ವಿಷ ಕುಡಿಯಬೇಕೆ?

"ಹೆಸರು ಹೇಳ್ತೀಯೋ, ಬೀಗ ಹಾಕ್ಲೋ?" ಎಂದ ಯೋಗೀಶ. ಈ ಸಲ ಅವನ ದನಿಯಲ್ಲಿ ಬೆದರಿಕೆಗಿಂತ ಬೇಡಿಕೆಯೇ ಹೆಚ್ಚಾಗಿತ್ತು.

ಸುಂಕಪ್ಪ ಕೈ ಚಾಚಿದ. "ಕೊಡು ತಮ್ಮಾ. ನಾನ ಹಾಕ್ಕೊಂತೀನಿ."

ಬೀಗವನ್ನು ತೆಗೆದುಕೊಂಡು ಅವನು ತನ್ನ ಹೊಲದ ಕಡೆ ನಡೆದ. ಮುದ್ದಪ್ಪ ಕೂಗಿದ, ಹಂಪಕ್ಕ ಹಿಂದೆಯೇ ಓಡಿದಳು. ಅವನು ತಿರುಗಲಿಲ್ಲ.

ಆಗ ಭುವನೇಶ್ವರಿ ಬೋರಿನ ಬಾಯಿಗೆ ಬಗ್ಗಿದಳು. ನೀಲಿ ನೀರು ಸಣ್ಣಗಾಯಿತು, ಹನಿಯಾಯಿತು, ನಿಂತಿತು.

ಆ ಕಡೆ ಯಾರೋ ವಾಲ್ವು ತಿರುಗಿಸಿದ್ದರು. ಚಪ್ಪಡಿ ಸರಿದ ಸುದ್ದಿ ಇಷ್ಟು ಬೇಗ ಅವರಿಗೆ ಮುಟ್ಟಿತ್ತೆಂದರೆ, ಅವರು ನಿಂತ ಜಾಗದಿಂದ ಮುದ್ದಪ್ಪನ ಹೊಲ ಕಾಣುತ್ತಿರಬೇಕು.

ಅದು ಯಾರೆಂದು ತಿಳಿಯಲು ಭುವನೇಶ್ವರಿ ಪೈಪಿನ ಜಾಡು ಅಗೆಯಲಿ. ಅಲ್ಲಿಯವರೆಗೆ ನೀವು ಕೈ ಕಟ್ಟಿ ಕೂರಬೇಡಿ, ಓದುಗರೇ. ಈ ಪುಟವನ್ನು ಮಡಚಿಟ್ಟು ಏಳಿ. ನೀರು ಬರಲಿಲ್ಲವೆಂದು ನೀವು ಬಿಟ್ಟುಬಂದ ಬೋರು ನಿಮ್ಮ ಹೊಲದಲ್ಲೋ ಹಿತ್ತಲಲ್ಲೋ ಇದ್ದರೆ, ಬೆಳಕಿರುವಾಗಲೇ ಅಲ್ಲಿಗೆ ಹೋಗಿ. ಮುಳ್ಳು ಸರಿಸಿ, ಕಿವಿಗೊಟ್ಟು ಕೇಳಿ, ಅದರ ಬಾಯಿಗೆ ಭದ್ರವಾದ ಮುಚ್ಚಳ ಹಾಕಿಸಿ, ಅದು ಎಲ್ಲಿದೆಯೆಂದು ನೆರೆಯವರಿಗೆಲ್ಲ ಗಟ್ಟಿಯಾಗಿ ಹೇಳಿ.